ಓಪನ್‌ವರ್ಸ್: ‘ಚಿತ್ರ ಕೃಪೆ: ಗೂಗಲ್’ ಚಟ ಬಿಡಿಸಲು ಒಂದು ಹುಡುಕುತಾಣ

ಶಾಲಾ ಮಕ್ಕಳ ಪ್ರಾಜೆಕ್ಟ್ ಪುಸ್ತಕಗಳಲ್ಲಿ ‘ಚಿತ್ರ ಕೃಪೆ: ಗೂಗಲ್’ ಎಂಬ ಸಾಲು ಮಾಮೂಲಿ. ಗೂಗಲ್ ಚಿತ್ರವನ್ನು ಹುಡುಕಿ ತೋರಿಸುತ್ತದೆ ಅಷ್ಟೆ, ಅದರ ಒಡೆಯ ಬೇರೆ. ಕೃತಿಸ್ವಾಮ್ಯದ ಪಾಠವನ್ನು ಈ ಸಾಲಿನಿಂದಲೇ ಶುರು ಮಾಡುವ ಶಿಕ್ಷಕರಿಗೆ, ಮುಕ್ತ ಬಳಕೆಗೆ ಪರವಾನಗಿ ಇರುವ ಚಿತ್ರಗಳನ್ನು ಹುಡುಕಿಕೊಡುವ ಓಪನ್‌ವರ್ಸ್ ಕೈಗೆ ಹತ್ತುವ ಸಾಧನ. ಮೊದಲು ಸಿಸಿ ಸರ್ಚ್ ಎಂಬ ಹೆಸರಿನಲ್ಲಿ, ಇಂಥ ಸಿದ್ಧ ಪರವಾನಗಿಗಳನ್ನು ರೂಪಿಸಿದ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಸಂಸ್ಥೆ ನಡೆಸುತ್ತಿದ್ದ ಇದು 2021ರಲ್ಲಿ ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಬಳಗಕ್ಕೆ ಬಂತು. ದುಡ್ಡು ಬೇಡ, ಖಾತೆಯೂ ಬೇಡ. ಫ್ಲಿಕರ್, ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರತಾಣಗಳ, ಕೆಲವು ದೊಡ್ಡ ವಸ್ತುಸಂಗ್ರಹಾಲಯಗಳ ಚಿತ್ರಗಳು ಒಂದೇ ಕಡೆ ಸಿಗುತ್ತವೆ. ಧ್ವನಿ ತುಣುಕುಗಳೂ ಇವೆ.

ತರಗತಿಯಲ್ಲಿ ಮೊದಲು ಮುಟ್ಟಬೇಕಾದದ್ದು ಫಿಲ್ಟರ್. ‘ಬದಲಿಸಬಹುದು’ ಎಂಬ ಆಯ್ಕೆಗೆ ಟಿಕ್ ಹಾಕಿಯೇ ಹುಡುಕಿಸಿ. ಹೃದಯದ ಚಿತ್ರದಲ್ಲಿರುವ ಇಂಗ್ಲಿಷ್ ಹೆಸರುಗಳನ್ನು ಅಳಿಸಿ ಕನ್ನಡದಲ್ಲಿ ಬರೆದರೆ ಅದೂ ಬದಲಾವಣೆಯೇ. ಪರವಾನಗಿಯಲ್ಲಿ ಎನ್‌ಡಿ (ಬದಲಿಸಿ ಹಂಚಬಾರದು) ಎಂದಿರುವ ಚಿತ್ರವನ್ನು ಹಾಗೆ ಮಾರ್ಪಡಿಸಿ ಹಂಚುವಂತಿಲ್ಲ. ಕನ್ನಡ ಮಾಧ್ಯಮದವರಿಗೆ ಇದು ದಿನನಿತ್ಯದ ತೊಡಕು. ಜಾಹೀರಾತು ಪಡೆಯುವ ಶಾಲಾ ಸಂಚಿಕೆಗಾದರೆ ಎನ್‌ಸಿ (ವ್ಯಾಪಾರಕ್ಕೆ ಬಳಸಬಾರದು) ಚಿತ್ರಗಳನ್ನೂ ಬಿಡುವುದು ಕ್ಷೇಮ. ಇನ್ನೊಂದು ಗಂಟು (ಬೈ ಎಂದರೆ ಮಾಡಿದವರ ಹೆಸರು ಹೇಳಬೇಕು, ಎಸ್‌ಎ ಎಂದರೆ ಅದೇ ಪರವಾನಗಿಯಲ್ಲಿ ಹಂಚಬೇಕು): ಬೈ-ಎಸ್‌ಎ ಚಿತ್ರ ಒಂದು, ಬೈ-ಎನ್‌ಸಿ-ಎಸ್‌ಎ ಚಿತ್ರ ಒಂದು ಸೇರಿಸಿ ಹೊಸ ಚಿತ್ರ ಮಾಡಿ ಹಂಚಲು ಬರುವುದಿಲ್ಲ. ಹೊಸದನ್ನು ತನ್ನದೇ ಪರವಾನಗಿಯಲ್ಲಿ ಹಂಚಬೇಕು ಎಂದು ಎರಡೂ ಹಟ ಹಿಡಿಯುತ್ತವೆ. ಅಕ್ಕಪಕ್ಕ ಅಂಟಿಸಿದರೆ ಈ ತೊಂದರೆ ಇಲ್ಲ.

ಇದರ ಅತ್ಯುತ್ತಮ ಭಾಗ ಪ್ರತಿ ಚಿತ್ರದ ಕೆಳಗೆ ಸಿದ್ಧವಾಗಿರುವ ಕೃಪೆಯ ಸಾಲು. ಒಂದು ಎಡವಟ್ಟು ಮಾತ್ರ ಪದೇ ಪದೇ ಆಗುತ್ತದೆ: ಕೊಂಡಿಗಳನ್ನು ಪದಗಳ ಹಿಂದೆ ಅಡಗಿಸಿದ ರಿಚ್ ಟೆಕ್ಸ್ಟ್ ರೂಪವನ್ನು ನಕಲಿಸಿ ಚಾರ್ಟಿಗೆ ಮುದ್ರಿಸಿದರೆ ಕೊಂಡಿಗಳೆಲ್ಲ ಮಾಯ. ಕಾಗದಕ್ಕೆ ಬರೀ ಅಕ್ಷರಗಳ ಪ್ಲೇನ್ ಟೆಕ್ಸ್ಟ್ ತೆಗೆದುಕೊಳ್ಳಿ. ಮೂಲ ಪುಟದ ವಿಳಾಸ ಇಲ್ಲದಿದ್ದರೆ ಕೈಯಿಂದ ಸೇರಿಸಿ. ಶೀರ್ಷಿಕೆ, ತೆಗೆದವರ ಹೆಸರು, ಮೂಲ, ಆವೃತ್ತಿ ಸಮೇತ ಪರವಾನಗಿ, ಮಾಡಿದ ಬದಲಾವಣೆ ಇವಿಷ್ಟೂ ಬರಬೇಕು. ‘ಸಿಸಿ ಚಿತ್ರ’ ಎಂದಷ್ಟೇ ಬರೆದವರಿಗೆ ಅಂಕ ಕೊಡಬೇಡಿ.

ಅತಿ ದೊಡ್ಡ ಕೊರತೆ, ಪರವಾನಗಿಯ ಚೀಟಿಯನ್ನು ಓಪನ್‌ವರ್ಸ್ ಪರಿಶೀಲಿಸುವುದಿಲ್ಲ. ಮೂಲ ತಾಣ ಹೇಳಿದ್ದನ್ನೇ ಒಪ್ಪಿಸುತ್ತದೆ. ಯಾರೋ ಸಿನಿಮಾ ಪೋಸ್ಟರ್ ಏರಿಸಿ ಸಿಸಿ ಬೈ ಎಂದು ಹಾಕಿದ್ದರೆ ಇಲ್ಲೂ ಹಾಗೇ ಕಾಣುತ್ತದೆ. ಆದ್ದರಿಂದ ಮೂಲ ಪುಟ ತೆರೆಸಲೇಬೇಕು. ಏರಿಸಿದವರ ಉಳಿದ ಚಿತ್ರಗಳು ಒಂದೇ ಕೈಯವಂತಿವೆಯೇ, ಕ್ಯಾಮೆರಾ ವಿವರ ಇದೆಯೇ, ಮೂಲೆಯಲ್ಲಿ ಪತ್ರಿಕೆಯ ಮುದ್ರೆ ಇದೆಯೇ ಎಂದು ಮಕ್ಕಳೇ ನೋಡಲಿ. ಹತ್ತು ನಿಮಿಷದ ಈ ಪತ್ತೇದಾರಿಕೆ ಉಪನ್ಯಾಸಕ್ಕಿಂತ ಹೆಚ್ಚು ಕಲಿಸುತ್ತದೆ. ಅಹಿತಕರ ಚಿತ್ರಗಳನ್ನು ತಾಣ ತಾನಾಗಿ ಮರೆಮಾಡುತ್ತದಾದರೂ ಅದು ಬಹುಮಟ್ಟಿಗೆ ಪದಗಳ ಆಧಾರದ ಸೋಸುವಿಕೆ. ಮೊದಲೇ ಒಮ್ಮೆ ಹುಡುಕಿ ನೋಡಿಕೊಂಡು ತರಗತಿಗೆ ಹೋಗಿ.

ಕನ್ನಡದಲ್ಲಿ ಹುಡುಕಲು ಇದು ಸಪ್ಪೆ. ಚಿತ್ರಗಳ ಹೆಸರು, ಟ್ಯಾಗ್‌ಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ‘ರಾಗಿ’ ಎಂದು ಕನ್ನಡದಲ್ಲಿ ಟೈಪಿಸುವುದಕ್ಕಿಂತ ‘ಎಲ್ಯುಸಿನ್ ಕೊರಕಾನ’ ಎಂಬ ವೈಜ್ಞಾನಿಕ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟರೆ ಕೆಲಸವಾಗುತ್ತದೆ. ಈ ವಿಷಯದಲ್ಲಿ ವಿಕಿಮೀಡಿಯ ಕಾಮನ್ಸ್ ಮುಂದಿದೆ: ವಿಕಿಪೀಡಿಯ ಬಳಗದ ಮಾಹಿತಿಕೋಶವಾದ ವಿಕಿಡೇಟಾದಲ್ಲಿ ಕನ್ನಡ ಹೆಸರಿರುವ ವಸ್ತುಗಳನ್ನು ಕನ್ನಡದಲ್ಲೇ ಹುಡುಕಬಹುದು. ಅಲ್ಲಿ ಎನ್‌ಸಿ, ಎನ್‌ಡಿ ಪರವಾನಗಿಯಷ್ಟೇ ಇರುವ ಚಿತ್ರಗಳನ್ನು ಸೇರಿಸಿಕೊಳ್ಳುವುದೇ ಇಲ್ಲವಾದ್ದರಿಂದ ಏಳನೇ ತರಗತಿಯವರೆಗೆ ಅದೇ ಸಾಕು. ಪರವಾನಗಿಗಳ ವ್ಯತ್ಯಾಸ ತಿಳಿಸಬೇಕಾದ ಎಂಟು, ಒಂಬತ್ತಕ್ಕೆ ಓಪನ್‌ವರ್ಸ್ ಇರಲಿ.

‘ಪಾಠಕ್ಕೆ ಏನು ಬಳಸಿದರೂ ನಡೆಯುತ್ತದಲ್ಲ’ ಎಂಬ ಪ್ರಶ್ನೆ ಶಿಕ್ಷಕರ ಕೋಣೆಯಲ್ಲಿ ಬಂದೇ ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಬೋಧನೆಯ ವೇಳೆ ಶಿಕ್ಷಕರು, ವಿದ್ಯಾರ್ಥಿಗಳು ನಕಲು ಮಾಡಿಕೊಳ್ಳಲು ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ಅದೇ ಪಾಠವನ್ನು ಯೂಟ್ಯೂಬಿಗೆ ಏರಿಸುವಾಗ ಆ ವಿನಾಯಿತಿ ಜೊತೆಗೆ ಬರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ವಿಡಿಯೊ ಮಾಡುವ ಯೋಚನೆ ಇದ್ದರೆ ಮೊದಲ ಸ್ಲೈಡಿನಿಂದಲೇ ಓಪನ್‌ವರ್ಸ್ ಚಿತ್ರ ಹಾಕಿ, ಕೃಪೆಯ ಸಾಲನ್ನು ಆಯಾ ಸ್ಲೈಡಿನಲ್ಲೇ ಬರೆದುಬಿಡಿ.