ಬೆಳಕು ತೋರಿಸಿ ಎಬ್ಬಿಸುವ ಅಲಾರಂ ದೀಪ: ಶಿರಸಿಯ ಮಳೆಗಾಲದಲ್ಲಿ ಬಳಸಿ ನೋಡಿದ ಮೇಲೆ

ಏಳಬೇಕಾದ ಹೊತ್ತಿಗೆ ಅರ್ಧ ಗಂಟೆ ಮೊದಲೇ ಮಂದ ಕೆಂಪಿನಿಂದ ಶುರುವಾಗಿ, ಕಿತ್ತಳೆ, ಹಳದಿ ಬಣ್ಣಗಳನ್ನು ದಾಟಿ, ನಾವು ಇಟ್ಟ ಸಮಯಕ್ಕೆ ಪೂರ್ತಿ ಬೆಳಗಿ, ಆಮೇಲಷ್ಟೇ ಸದ್ದು ಮಾಡುವ ಅಲಾರಂ ದೀಪಗಳು ಈಗ ಆನ್‌ಲೈನ್ ಅಂಗಡಿಗಳಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುತ್ತವೆ. ನಾನು ಕೊಂಡದ್ದು 2,000 ರೂಪಾಯಿಯ ಆಸುಪಾಸಿನ ಒಂದು ದುಂಡನೆಯ ದೀಪ. ಶಿರಸಿ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಬೆಳಿಗ್ಗೆ 5ಕ್ಕೆ ಎದ್ದರೆ ಮಾತ್ರ ಕೊಟ್ಟಿಗೆಯ ಕೆಲಸ ಮುಗಿದು, ಹಾಲು ಕರೆದು, ಡೇರಿ ಬಾಗಿಲು ಹಾಕುವುದರೊಳಗೆ ಕ್ಯಾನು ಅಲ್ಲಿಗೆ ಮುಟ್ಟುತ್ತದೆ. ಮಳೆಗಾಲದ ಆರಂಭದಿಂದ ಅಡಿಕೆ ಕೊಯ್ಲಿನವರೆಗೆ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬರೆಯುವುದರಿಂದ ಓದುಗರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಒಂದೇ ಅಚ್ಚಿನ ಸರಕಿಗೆ ಬೇರೆ ಬೇರೆ ಚೀಟಿ ಅಂಟಿಸಿ ಮಾರುವ ವ್ಯಾಪಾರ ಇದಾದ್ದರಿಂದ ಹೆಸರಿಗಿಂತ ಗುಣ ನೋಡಿ ಕೊಳ್ಳುವುದೇ ಲೇಸು.

ನಮ್ಮ ಕಡೆ ಸೂರ್ಯನನ್ನು ನಂಬಿಕೊಂಡು ಬೇಗ ಏಳುವುದು ಆಗದ ಮಾತು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತದೆ. ಶಿರಸಿ ಇರುವುದು 75 ಡಿಗ್ರಿಗೂ ತುಸು ಪಶ್ಚಿಮಕ್ಕೆ, ಕಾರವಾರ ಅದಕ್ಕಿಂತ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷದಂತೆ ಗುಣಿಸಿದರೆ ನಮ್ಮ ಊರಿನ ಸೂರ್ಯ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ ಬೀಳುತ್ತಾನೆ. ಅತಿ ಬೇಗ ಬೆಳಗಾಗುವ ಮೇ ಕೊನೆ, ಜೂನ್ ಮೊದಲ ವಾರದಲ್ಲಿಯೂ ಇಲ್ಲಿ ಸೂರ್ಯೋದಯ ಸುಮಾರು 6 ಗಂಟೆಗೆ, ಜನವರಿ ಕೊನೆಗೆ ಸುಮಾರು 7 ಗಂಟೆಗೆ. 5ಕ್ಕೆ ಏಳುವವರಿಗೆ ವರ್ಷದ ಯಾವ ದಿನವೂ ಕಿಟಕಿಯಿಂದ ನೆರವು ಸಿಗುವುದಿಲ್ಲ. ಅದರ ಮೇಲೆ ನಮ್ಮದು ಕಣಿವೆಯ ತೋಟದ ಮನೆ, ಸಣ್ಣ ಕಿಟಕಿಗಳು, ಜೂನ್ ಬಂತೆಂದರೆ ಮೋಡ. ಮಳೆ ಹಿಡಿದ ದಿನಗಳಲ್ಲಿ 7 ಗಂಟೆಗೂ ಅಡುಗೆಮನೆಯಲ್ಲಿ ದೀಪ ಹಾಕಿಯೇ ಚಹಾ ಕಾಸಬೇಕಾಗುತ್ತದೆ.

ದೀಪದ ಹಿಂದಿರುವ ವಿಚಾರ ಗಟ್ಟಿಯಾದದ್ದೇ. ನೋಡುವುದಕ್ಕೆ ಬಳಕೆಯಾಗುವ ಕೋಶಗಳಲ್ಲದೆ ಕಣ್ಣಿನ ಹಿಂಪರದೆಯಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಬೇರೆ ಕೋಶಗಳೂ ಇವೆ. ಅವು ಬೆಳಕಿನ ಸುದ್ದಿಯನ್ನು ಮಿದುಳಿನಲ್ಲಿರುವ ದೇಹದ ಗಡಿಯಾರಕ್ಕೆ ನೇರವಾಗಿ ಮುಟ್ಟಿಸುತ್ತವೆ, ಅಲ್ಲಿಂದ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ತಗ್ಗಲು ಸೂಚನೆ ಹೋಗುತ್ತದೆ. ಈ ಕೋಶಗಳಿಗೆ ಹೆಚ್ಚು ನಾಟುವುದು ನೀಲಿ ಬೆಳಕು, ಆದರೆ ಮುಚ್ಚಿದ ರೆಪ್ಪೆಯನ್ನು ಹಾಯ್ದು ಒಳಗೆ ಬರುವುದು ಹೆಚ್ಚಾಗಿ ಕೆಂಪು. ಹಾಗಾಗಿ ಮೊದಲ ಹತ್ತು ಹದಿನೈದು ನಿಮಿಷದ ಕೆಂಪು ಬೆಳಕು ದೇಹದ ಗಡಿಯಾರವನ್ನು ಹಿಂದೆ ಮುಂದೆ ಮಾಡುತ್ತದೆಂದು ನಾನು ನಂಬುವುದಿಲ್ಲ. ಗಾಢ ನಿದ್ದೆಯನ್ನು ತೆಳುವಾಗಿಸುವುದಕ್ಕೆ ಅಷ್ಟು ಸಾಕು ಎಂಬುದು ನನ್ನ ಅನುಭವ. ಸದ್ದಿನ ಅಲಾರಂ ಎಬ್ಬಿಸಿದಾಗ ಎದ್ದು ಕುಳಿತರೂ ತಲೆ ಮಾತ್ರ ಹಾಸಿಗೆಯಲ್ಲೇ ಉಳಿದಂಥ ಮಂಪರು ಕಾಡುತ್ತದಲ್ಲ, ಹದಿನೈದು ನಿಮಿಷದಿಂದ ಅರ್ಧ ಗಂಟೆ ಎಳೆಯುವ ಆ ಮಂಪರು ಈ ದೀಪ ಬಂದ ಮೇಲೆ ಗಣನೀಯವಾಗಿ ಇಳಿದಿದೆ. ಎಷ್ಟೋ ದಿನ ಸದ್ದು ಶುರುವಾಗುವ ಮೊದಲೇ ಕಣ್ಣು ಬಿಡುತ್ತೇನೆ. ಬಿಡದ ದಿನವೂ ಸದ್ದು ಕೇಳಿ ಬೆಚ್ಚಿ ಬೀಳುವುದಿಲ್ಲ. ಕೊಟ್ಟ ಹಣ ಈ ಒಂದು ಕಾರಣಕ್ಕೆ ವಸೂಲಾಯಿತೆಂದು ಹೇಳಬಲ್ಲೆ.

ಆದರೆ ಬೆಳಕು ಮುಖಕ್ಕೆ ಬೀಳಬೇಕು. ಘಟ್ಟದ ಮೇಲಿನ ಮಳೆಗಾಲದಲ್ಲಿ ಕಂಬಳಿಯನ್ನು ತಲೆಯ ಮೇಲಿನವರೆಗೆ ಎಳೆದು ಮಲಗುವ ಅಭ್ಯಾಸ ಅರ್ಧ ಊರಿಗಿದೆ, ಅಂಥವರಿಗೆ ಇದು ಬರೀ ಅಲಂಕಾರದ ದೀಪ. ಸೊಳ್ಳೆ ಪರದೆಯೂ ಬೆಳಕನ್ನು ಸ್ವಲ್ಪ ತಿನ್ನುತ್ತದೆ. ದೀಪವನ್ನು ಪರದೆಗೆ ಹತ್ತಿರ, ಮುಖದಿಂದ ಒಂದೂವರೆ ಅಡಿ ದೂರದಲ್ಲಿ, ದಿಂಬಿನ ಮಟ್ಟಕ್ಕೆ ಎತ್ತರಿಸಿಟ್ಟ ಮೇಲೆ ನನಗೆ ಸರಿಹೋಯಿತು. ಮೊದಲ ಮಳೆಗೆ ರೆಕ್ಕೆ ಬಂದು ಏಳುವ ಹುಳುಗಳ ದಿನಗಳಲ್ಲಿ ಪರದೆಯ ಒಳಗೆ ದೀಪವಿಡುವುದೇ ಕ್ಷೇಮ. ಬೆಳಿಗ್ಗೆ ನಾಲ್ಕೂವರೆಗೆ ಹೊತ್ತಿಕೊಳ್ಳುವ ಏಕೈಕ ದೀಪಕ್ಕೆ ಕೋಣೆಯ ಹುಳುಗಳೆಲ್ಲ ಬಂದು ಮುತ್ತಿ, ರೆಕ್ಕೆ ಉದುರಿಸಿ, ಮೇಲಿನ ಸಣ್ಣ ರಂಧ್ರಗಳೊಳಗೆ ಇಳಿಯುತ್ತವೆ, ಬ್ರಷ್ಷಿನಿಂದ ಕೆದಕಿದರೂ ಪೂರ್ತಿ ಹೊರಬರುವುದಿಲ್ಲ. ಮಗ್ಗುಲ ಕೋಣೆಯ ಬಾಗಿಲ ಸಂದಿಯಿಂದ ಬೆಳಕು ಕಂಡ ಆಯಿ ಮೊದಲ ದಿನ ಎದ್ದು ಬಂದು "ಎಂತದ ತಮಾ, ಇಷ್ಟು ಬೇಗ ಬೆಳಗಾಗೋತಾ?" ಎಂದು ಕೇಳಿದ್ದಳು. ಒಂದೇ ಕೋಣೆಯಲ್ಲಿ ಬೇರೆ ಬೇರೆ ಹೊತ್ತಿಗೆ ಏಳುವ ಇಬ್ಬರು ಮಲಗುವುದಾದರೆ ಇದನ್ನು ತರುವ ಮೊದಲು ಮಾತಾಡಿಕೊಳ್ಳುವುದು ಒಳ್ಳೆಯದು.

ನನ್ನ ದೊಡ್ಡ ತಕರಾರು ವಿದ್ಯುತ್ತಿನದು. ಮಳೆ, ಗಾಳಿ ಜೋರಾದ ರಾತ್ರಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಇಲ್ಲಿ ಹೊಸದಲ್ಲ, ಮತ್ತು ಬೆಳಗಿನ ಕತ್ತಲೆ ಅತಿ ದಟ್ಟವಾಗಿರುವುದೂ ಅದೇ ದಿನಗಳಲ್ಲಿ. ದೀಪದೊಳಗೆ ನಾಣ್ಯದಂಥ ಒಂದು ಬ್ಯಾಟರಿಯಿದೆ, ಆದರೆ ಅದು ಸಮಯವನ್ನು ನೆನಪಿಟ್ಟುಕೊಳ್ಳುವುದಕ್ಕಷ್ಟೇ. ಕರೆಂಟ್ ಇಲ್ಲದಾಗ ಬೆಳಕೂ ಇಲ್ಲ, ಸದ್ದೂ ಇಲ್ಲ. ಜಾಹೀರಾತಿನ ಪುಟದಲ್ಲಿ 'ಬ್ಯಾಟರಿ ಬ್ಯಾಕಪ್ ಇದೆ' ಎಂದಷ್ಟೇ ಬರೆದು ಕೈತೊಳೆದುಕೊಂಡಿರುವುದು ನನ್ನ ದೃಷ್ಟಿಯಲ್ಲಿ ಗ್ರಾಹಕನ ಕಣ್ಣಿಗೆ ಮಣ್ಣೆರಚುವ ಕೆಲಸ. 5 ವೋಲ್ಟಿನ ಯುಎಸ್‌ಬಿ ವಯರಿನ ಮಾದರಿಯಾದ್ದರಿಂದ ಮೊಬೈಲಿನ ಪವರ್ ಬ್ಯಾಂಕಿಗೆ ಸಿಕ್ಕಿಸಿಟ್ಟರಾಯಿತೆಂದು ಯಾರಿಗಾದರೂ ಹೊಳೆಯುತ್ತದೆ, ಅಲ್ಲಿ ಇನ್ನೊಂದು ತೊಡಕಿದೆ. ರಾತ್ರಿಯಿಡೀ ಬರೀ ಗಡಿಯಾರದ ಅಂಕಿ ತೋರಿಸುತ್ತಿರುವಾಗ ದೀಪ ಎಳೆಯುವ ಕರೆಂಟ್ ತೀರಾ ಅಲ್ಪ, ಅದನ್ನು ಕಂಡ ಅನೇಕ ಪವರ್ ಬ್ಯಾಂಕುಗಳು ಏನೂ ಸಿಕ್ಕಿಸಿಲ್ಲವೆಂದು ತಿಳಿದು ತಾವಾಗಿಯೇ ಆಫ್ ಆಗುತ್ತವೆ. ಮನೆಯಲ್ಲಿ ಇನ್ವರ್ಟರ್ ಇದ್ದು, ಮಲಗುವ ಕೋಣೆಯ ಪ್ಲಗ್ಗಿಗೆ ಅದರ ಲೈನ್ ಬಂದಿದ್ದರೆ ಈ ರಗಳೆ ಇಲ್ಲ. ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಲೈನ್ ದೀಪ, ಫ್ಯಾನುಗಳಿಗಷ್ಟೇ ಇರುತ್ತದೆ. ನಮ್ಮಲ್ಲೂ ಎಲೆಕ್ಟ್ರಿಷಿಯನ್ನನ್ನು ಕರೆಸಿ ಒಂದು ಪಾಯಿಂಟ್ ಎಳೆಸಬೇಕಾಯಿತು, ಆ ಖರ್ಚನ್ನೂ ದೀಪದ ಬೆಲೆಗೆ ಸೇರಿಸಿ ನೋಡಿ.

ಸದ್ದಿನ ವಿಷಯದಲ್ಲಿ ಹೆಚ್ಚು ಹೇಳುವುದಕ್ಕಿಲ್ಲ. ಏಳು ಬಗೆಯ ಸದ್ದುಗಳಲ್ಲಿ ಹಕ್ಕಿಯ ದನಿಯೂ ಒಂದು, ಯಾವ ದೇಶದ ಹಕ್ಕಿಯೋ ತಿಳಿಯದು. ಹೊರಗೆ ಮಡಿವಾಳ ಹಕ್ಕಿ ಕೂಗುವ ಊರಿನಲ್ಲಿ ಅದನ್ನು ಕೇಳಿ ಏಳುವುದು ಮುಜುಗರವೆನಿಸಿ ನಾನು ಗಂಟೆಯ ಸದ್ದನ್ನೇ ಇಟ್ಟುಕೊಂಡಿದ್ದೇನೆ. ಮೇಲ್ಭಾಗವನ್ನು ಮುಟ್ಟಿದರೆ ಸಾಕು, ಅಲಾರಂ 9 ನಿಮಿಷ ಮುಂದೆ ಹೋಗುತ್ತದೆ, ಇದು ಬೇಕಾದ್ದಕ್ಕಿಂತ ಸುಲಭವಾಗಿದೆ. ಗಡಿಯಾರದ ಅಂಕಿಗಳ ಬಿಳಿ ಬೆಳಕನ್ನು ಪೂರ್ತಿ ಆರಿಸಲು ಬಾರದಿರುವುದು ನಿಜವಾದ ದೋಷ.

ಇಷ್ಟೆಲ್ಲ ಆದ ಮೇಲೂ ಈ ದೀಪ ಮಾಡಲಾಗದ ಕೆಲಸವೊಂದಿದೆ, ಅದು ಹಿಂದಿನ ರಾತ್ರಿಯದು. ಮನುಷ್ಯರ ದೇಹದ ಗಡಿಯಾರ ಸರಾಸರಿ 24 ಗಂಟೆಗಿಂತ ಕೆಲವು ನಿಮಿಷ ಉದ್ದ. ಅದನ್ನು ಹಾಗೇ ಬಿಟ್ಟರೆ ದಿನದಿನಕ್ಕೆ ತಡಕ್ಕೆ ಸರಿಯುತ್ತದೆ, ಬೆಳಗಿನ ಬೆಳಕು ಅದನ್ನು ಹಿಂದಕ್ಕೆಳೆದು ಸರಿಗೂಡಿಸುತ್ತದೆ, ರಾತ್ರಿಯ ಬೆಳಕು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ. ಅಡಿಕೆ ಸುಲಿಯುವ ಕಾಲ ಬಂದಾಗ ಇದು ಸ್ಪಷ್ಟವಾಗಿ ಕಂಡಿತು. ಜಗಲಿಯಲ್ಲಿ ಟ್ಯೂಬ್ ಲೈಟಿನ ಕೆಳಗೆ ಮೆಟ್ಟುಗತ್ತಿಯ ಮುಂದೆ ಹನ್ನೊಂದರವರೆಗೆ ಕುಳಿತ ಮರುದಿನ, ದೀಪ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿದರೂ, ಎದ್ದದ್ದು ಗಂಟೆಯ ಸದ್ದಿಗೇ. ರಾತ್ರಿ ಪೂರ್ತಿ ಯಕ್ಷಗಾನ ನೋಡಿ ಬಂದು ಮರುದಿನ ಮಧ್ಯಾಹ್ನದವರೆಗೆ ಮಲಗುವವರು ಸೋಮವಾರ ಬೆಳಿಗ್ಗೆ ಪಡುವ ಕಷ್ಟಕ್ಕೆ ಯಾವ ಬೆಲೆಯ ದೀಪದಲ್ಲೂ ಪರಿಹಾರವಿಲ್ಲ. ಪಿಯುಸಿ ಓದುವ ಮಗನ ಕೋಣೆಗೆ ಇದನ್ನು ಕೆಲಕಾಲ ಇಟ್ಟು ನೋಡಿದೆವು; ಹದಿಹರೆಯದಲ್ಲಿ ದೇಹದ ಗಡಿಯಾರ ಸಹಜವಾಗಿಯೇ ತಡವಾಗುತ್ತದೆ, ಅದರ ಜೊತೆಗೆ ಮಧ್ಯರಾತ್ರಿಯವರೆಗೆ ಮೊಬೈಲು. ಅವನು ಗೋಡೆಯ ಕಡೆ ಹೊರಳಿ ಮಲಗಿದ, ದೀಪ ನನ್ನ ಕೋಣೆಗೆ ವಾಪಸು ಬಂತು.

ಎದ್ದ ಮೇಲೆಯೂ ದೀಪದ ಬೆಳಕನ್ನೇ ನೆಚ್ಚಿಕೊಳ್ಳುವಂತಿಲ್ಲ. ಬೀಳುವ ಬೆಳಕನ್ನು ಅಳೆಯುವ ಮಾನವಾದ ಲಕ್ಸ್‌ನಲ್ಲಿ ಹೇಳುವುದಾದರೆ ಇಂಥ ದೀಪಗಳ ಬೆಳಕು ಹೆಚ್ಚೆಂದರೆ ಕೆಲವು ನೂರು ಲಕ್ಸ್. ಮೋಡ ಕವಿದ ದಿನವೂ ಬೆಳಗಾದ ಮೇಲೆ ಅಂಗಳದಲ್ಲಿ ಸಾವಿರಕ್ಕಿಂತ ಹೆಚ್ಚು ಸಿಗುತ್ತದೆ. ಡೇರಿಗೆ ಹಾಲು ಕೊಟ್ಟು ನಡೆದು ಬರುವ ಕಾಲು ಗಂಟೆ, ಕೊಡೆ ಹಿಡಿದೇ ಆದರೂ, ದೀಪದಿಂದ ಆಗದ ಉಳಿದ ಕೆಲಸವನ್ನು ಮಾಡುತ್ತದೆ.

ಮುಖ ಮುಚ್ಚದೆ ಮಲಗುವವರಿಗೆ, ಮಲಗುವ ಹೊತ್ತು ಸುಮಾರಾಗಿ ಒಂದೇ ಇರುವವರಿಗೆ, ಇನ್ವರ್ಟರ್ ಇರುವ ಮನೆಗೆ ಇದನ್ನು ಧಾರಾಳವಾಗಿ ಹೇಳಬಲ್ಲೆ. ಕಾರವಾರ, ಕುಮಟಾದ ಕಡೆಯವರು ಸೆಕೆಗೆ ಕಿಟಕಿ ತೆರೆದಿಟ್ಟು ಮಲಗುವುದು ಹೆಚ್ಚು. ಅವರು 6 ಗಂಟೆಯ ನಂತರ ಏಳುವವರಾದರೆ ಬೇಸಿಗೆಯಲ್ಲಿ ಇದರ ಅಗತ್ಯವೇ ಬೀಳದು. ಕೊಳ್ಳುವಾಗ ಮೂರು ಸಂಗತಿಗಳನ್ನು ಮಾರುವವರಲ್ಲಿ ಕೇಳಿ ಖಾತ್ರಿ ಮಾಡಿಕೊಳ್ಳಿ: ಅಂಕಿಗಳ ಬೆಳಕು ಪೂರ್ತಿ ಆರುತ್ತದೆಯೇ, ಕರೆಂಟ್ ಹೋಗಿ ಬಂದ ಮೇಲೆ ಅಲಾರಂ ಆನ್ ಆಗಿಯೇ ಉಳಿಯುತ್ತದೆಯೇ, ಭಾನುವಾರಕ್ಕೆ ಬೇರೆ ಸಮಯ ಇಡಲು ಬರುತ್ತದೆಯೇ. ನನ್ನದರಲ್ಲಿ ಎರಡನೆಯದಕ್ಕೆ ಮಾತ್ರ ಹೌದೆಂಬ ಉತ್ತರವಿದೆ.