ಹಿತ್ತಲಿನ ಡೆಬ್ರಿ ಸಾಗಿಸಲು: ಸಣ್ಣ ಕಾರಾ, ಗೂಡ್ಸ್ ಗಾಡಿನಾ?

ಹಿತ್ತಲಿನ ಹಳೇ ಕಟ್ಟೆ ಒಡೆಸಿದ್ದೀರಿ. ಇಟ್ಟಿಗೆ ಚೂರು, ಮಣ್ಣು ಏಳೆಂಟು ಚೀಲದೊಳಗಿದ್ದರೆ ಆಲ್ಟೋದಂಥ ಕಾರೇ ಸಾಕು, ಎರಡು ಮೂರು ಟ್ರಿಪ್ ಹೊಡೆಯಬೇಕು ಅಷ್ಟೆ. ಸಿಮೆಂಟ್ ಚೀಲದ ತುಂಬ ಒದ್ದೆ ಮಣ್ಣು ತುಂಬಿದರೆ 50 ಕೆಜಿ ದಾಟುತ್ತದೆ. ಹಾಗಾಗಿ ಅರ್ಧ ಚೀಲವಷ್ಟೇ ತುಂಬಿ, ಸಲಕ್ಕೆ ಆರೇ ಒಯ್ಯಿರಿ. ಎಲ್ಲವನ್ನೂ ಡಿಕ್ಕಿಗೆ ಹೇರಬೇಡಿ. ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಹಿಂದಿನ ಸೀಟಿನ ಕಾಲಿಡುವ ಜಾಗಕ್ಕೂ ಹಂಚಿ. ಹಂಪ್ ಮೇಲೆ ತಳ ಗರ್ ಅಂದರೆ ಭಾರ ಜಾಸ್ತಿ ಆಯ್ತು ಅಂತಲೇ.

ಕಾಂಕ್ರೀಟ್ ತುಂಡುಗಳೂ ಇದ್ದರೆ ಸುಮ್ನೆ ಟಾಟಾ ಏಸ್ ಕರೆಸಿ, ಬಾಡಿಗೆ ಹೋದರೂ ಕಾರು ಉಳಿಯುತ್ತದೆ. ಎಲ್ಲಿ ಸುರಿಯುತ್ತೀರಿ ಅಂತ ಮೊದಲೇ ಕೇಳಿ. ಕೆರೆ ಅಂಚಿಗೆ ಸುರಿಯುವವರಿದ್ದಾರೆ, ಅದನ್ನು ನೋಡಿದರೆ ಸಂಕಟವಾಗುತ್ತದೆ. ಪಾಲಿಕೆ ಗುರುತಿಸಿದ ಜಾಗಕ್ಕೇ ಹೋಗಲಿ.