ಕೊಲೆಗಾರ ಗೊತ್ತಾದ ಮೇಲೂ ನಗು ಬರುತ್ತಾ? ನಾಲ್ಕು ಕಾದಂಬರಿ, ಎರಡೆರಡು ಓದು

ಪತ್ತೇದಾರಿ ಕಾದಂಬರಿಯನ್ನು ಎರಡನೇ ಸಲ ಓದುವವರು ಕಡಿಮೆ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಇನ್ನೇನಿದೆ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನಗಿಸುವ ಪತ್ತೇದಾರಿ ಕಾದಂಬರಿಗಳ ವಿಷಯದಲ್ಲಿ ಒಂದು ಅನುಮಾನ ಬಹಳ ದಿನದಿಂದ ಇತ್ತು. ಅದರಲ್ಲಿ ನಿಜವಾಗಿ ತಮಾಷೆ ಇದೆಯೋ, ಇಲ್ಲ ಮುಂದೇನು ಅನ್ನುವ ಕುತೂಹಲದಲ್ಲಿ ನಾವೇ ಸುಮ್ನೆ ನಕ್ಕುಬಿಡುತ್ತೇವೋ?

ಪರೀಕ್ಷೆ ಮಾಡೇ ಬಿಡೋಣ ಅಂತ ನಾಲ್ಕು ಕಾದಂಬರಿ ಆರಿಸಿಕೊಂಡೆ. ಒಂದೊಂದನ್ನೂ ಎರಡು ಸಲ ಓದಿದೆ, ನಡುವೆ ಎರಡು ತಿಂಗಳು ಬಿಟ್ಟು. ಎರಡನೇ ಸಲಕ್ಕೆ ಕೊಲೆಗಾರ ಯಾರು ಅಂತ ಗೊತ್ತು. ಆಮೇಲೆ ಪುಸ್ತಕದಲ್ಲಿ ಏನು ಉಳಿಯುತ್ತೆ ಅಂತ ನೋಡುವುದು. (ಹೆದರಬೇಡಿ, ಇಲ್ಲಿ ಯಾವ ಕೊಲೆಗಾರನ ಹೆಸರೂ ಹೇಳುವುದಿಲ್ಲ.)

ನಾಲ್ಕೂ ಇಂಗ್ಲಿಷ್ ಕಾದಂಬರಿಗಳು. ನಾಲ್ಕೂ ಒಂದೇ ಹಳೇ ಅಚ್ಚನ್ನು ಇಟ್ಟುಕೊಂಡು ಆಟ ಆಡುತ್ತವೆ. ಆ ಅಚ್ಚು ನಿಮಗೂ ಗೊತ್ತಿರುತ್ತದೆ. ಇಂಗ್ಲೆಂಡಿನ ಹಳ್ಳಿ ಕಡೆ ಒಂದು ದೊಡ್ಡ ಬಂಗಲೆ. ವಾರದ ಕೊನೆಗೆ ಬಂದಿಳಿದ ನೆಂಟರು, ಸ್ನೇಹಿತರು, ಯಾರಿಗೂ ಬೇಡವಾದ ಒಬ್ಬಿಬ್ಬರು. ಟ್ರೇ ಹಿಡಿದ ಬಟ್ಲರ್. ಹೊರಗೆ ಮಳೆಯೋ ಹಿಮವೋ. ಬೆಳಗಾದರೆ ಲೈಬ್ರರಿಯಲ್ಲಿ ಹೆಣ. ಕೊನೆಗೆ ಎಲ್ಲರನ್ನೂ ಒಂದು ಕಡೆ ಕೂರಿಸಿ ಪತ್ತೇದಾರನ ಉದ್ದನೆ ಭಾಷಣ. ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ಬಂದದ್ದು 1920ರಲ್ಲಿ. ಅದೂ ಇಂಥ ಬಂಗಲೆಯ ಕಥೆಯೇ. 1929ರ ಹೊತ್ತಿಗೆ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಈ ಆಟಕ್ಕೆ ಹತ್ತು ನಿಯಮ ಬರೆದಿಟ್ಟರು. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಪತ್ತೇದಾರನೇ ಕೊಲೆ ಮಾಡಬಾರದು. ಅವಳಿ-ಜವಳಿಯನ್ನು ತರುವುದಾದರೆ ಓದುಗರಿಗೆ ಮೊದಲೇ ಸುಳಿವು ಕೊಡಬೇಕು. ಇಷ್ಟೆಲ್ಲ ನಿಯಮ ಆದ ಮೇಲೆ ಅಣಕಿಸುವವರು ಬರದೇ ಇರುತ್ತಾರಾ?

ಮೊದಲು ಸೈಮನ್ ಬ್ರೆಟ್ ಅವರ ಬ್ಲೊಟ್ಟೊ ಮತ್ತು ಟ್ವಿಂಕ್ಸ್. 2009ರಲ್ಲಿ ಶುರುವಾದ ಸರಣಿ, ನಾನು ಓದಿದ್ದು ಮೊದಲನೆಯದು. ಇದನ್ನು ಬೇಗ ಮುಗಿಸುತ್ತೇನೆ, ಯಾಕಂದರೆ ಪುಸ್ತಕವೂ ಬೇಗ ಮುಗಿಯುತ್ತದೆ. ಡ್ಯೂಕ್ ಮನೆತನದ ಅಣ್ಣ-ತಂಗಿ. ಅಣ್ಣ ಬ್ಲೊಟ್ಟೊ ನೋಡಲು ಚೆಂದ, ತಲೆ ಖಾಲಿ, ಕ್ರಿಕೆಟ್ ಬ್ಯಾಟ್ ಅಂದರೆ ಪ್ರಾಣ. ತಂಗಿ ಟ್ವಿಂಕ್ಸ್ ಚೆಲುವೆ, ಜೊತೆಗೆ ಮಹಾ ಬುದ್ಧಿವಂತೆ. ಇವರ ಮನೆಯಲ್ಲಿ ಪಟ್ಟ ಕಳೆದುಕೊಂಡ ಒಬ್ಬ ರಾಜ ಅತಿಥಿ. ಹೆಣ ಬೀಳುತ್ತದೆ, ರಾಜನ ಮಗಳು ಮಾಯವಾಗುತ್ತಾಳೆ. ಬ್ಲೊಟ್ಟೊ ಡ್ರೈವರನ್ನು ಕರೆದುಕೊಂಡು ಕಾರಿನಲ್ಲಿ ಯುರೋಪಿನ ಆ ಕಡೆಗೆ ಹೊರಡುತ್ತಾನೆ. ಅಲ್ಲಿಗೆ ಬಂಗಲೆ ಕಥೆ ಮುಗಿದು ಸಾಹಸದ ಕಥೆ ಶುರು.

ಮೊದಲ ಓದಿನಲ್ಲಿ ಬಸ್ಸಿನಲ್ಲಿ ಕೂತು ಜೋರಾಗಿ ನಕ್ಕಿದ್ದೇನೆ. ಪಕ್ಕದವರು ಸರಿದು ಕೂತರು. ಮನೆಯ ಹೆಸರಿನ ಸ್ಪೆಲಿಂಗ್ ಓದಿದರೆ ‘ಟಾಸೆಸ್ಟರ್’ ಅನ್ನುವಂತಿದೆ, ಅವರು ಕರೆಯುವುದು ‘ಟೇಸ್ಟರ್’. ಇಂಗ್ಲಿಷ್ ಸ್ಪೆಲಿಂಗ್ ಬಾಯಿಪಾಠ ಮಾಡಿ ಏಟು ತಿಂದ ನಮ್ಮಂಥವರಿಗೆ ಇಂಥ ತಮಾಷೆ ಸ್ವಲ್ಪ ಜಾಸ್ತಿಯೇ ನಗು ತರಿಸುತ್ತದೆ. ಎರಡನೇ ಓದಿಗೆ ಬಂದರೆ ನಲವತ್ತನೇ ಪುಟಕ್ಕೆ ಆಕಳಿಕೆ. ಯಾಕೆ ಅಂತ ಯೋಚಿಸಿದೆ. ಇಲ್ಲಿ ಬಿಡಿಸಬೇಕಾದ ಒಗಟೇ ಇಲ್ಲ. ಟ್ವಿಂಕ್ಸ್ ನೋಡಿದ ಕೂಡಲೇ ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತದೆ. ನಮಗೆ ಸುಳಿವು ಹುಡುಕುವ ಕೆಲಸವನ್ನೇ ಕೊಟ್ಟಿಲ್ಲ. ಹಾಗಂತ ಬ್ರೆಟ್ ಅವರಿಗೆ ಒಗಟು ಕಟ್ಟಲು ಬರುವುದಿಲ್ಲ ಅಂತಲ್ಲ. 1930ರಲ್ಲಿ ಹುಟ್ಟಿದ ಡಿಟೆಕ್ಷನ್ ಕ್ಲಬ್ಬಿಗೆ ಅಧ್ಯಕ್ಷರಾಗಿದ್ದವರು ಅವರು. ಕ್ರಿಸ್ಟಿ, ನಾಕ್ಸ್ ಎಲ್ಲ ಇದ್ದ ಕ್ಲಬ್ ಅದು. ಬೇಕಂತಲೇ ಒಗಟನ್ನು ಪಕ್ಕಕ್ಕಿಟ್ಟಿದ್ದಾರೆ. ತಲೆನೋವಿನ ದಿನಕ್ಕೆ ಇದೇ ಸರಿ. ಒಂದು ಸಲಕ್ಕೆ ಮಾತ್ರ.

ಇದರ ಪೂರ್ತಿ ಉಲ್ಟಾ ಜೇಮ್ಸ್ ಆ್ಯಂಡರ್ಸನ್ ಅವರದು. ಹೆಸರು ‘ದಿ ಅಫೇರ್ ಆಫ್ ದಿ ಬ್ಲಡ್-ಸ್ಟೇನ್ಡ್ ಎಗ್ ಕೋಸಿ’. ಎಗ್ ಕೋಸಿ ಅಂದರೆ ಏನು ಅಂತ ತಿಳಿಯಲು ನಾನು ಚಿತ್ರ ಹುಡುಕಬೇಕಾಯಿತು. ಬೇಯಿಸಿದ ಮೊಟ್ಟೆ ತಣ್ಣಗಾಗದ ಹಾಗೆ ಅದರ ತಲೆಗೆ ಹಾಕುವ ಪುಟ್ಟ ಟೋಪಿ. ನಮ್ಮಲ್ಲಿ ಹಸುಗೂಸಿಗೆ ಹಾಕುವ ಕುಲಾವಿ, ಅಲ್ಲಿ ಮೊಟ್ಟೆಗೆ. ಆ ಕುಲಾವಿಗೆ ರಕ್ತದ ಕಲೆ. ಹೆಸರಲ್ಲೇ ಪುಸ್ತಕದ ಧಾಟಿ ಗೊತ್ತಾಗುತ್ತದೆ.

ಕಥೆ ನಡೆಯುವುದು 1930ರ ದಶಕದಲ್ಲಿ, ಲಾರ್ಡ್ ಬರ್ಫರ್ಡ್ ಅವರ ಆಲ್ಡರ್ಲಿ ಅನ್ನುವ ಬಂಗಲೆಯಲ್ಲಿ. ಲಾರ್ಡ್‌ಗೆ ಬಂದೂಕು, ಪಿಸ್ತೂಲು ಕೂಡಿಡುವ ಹುಚ್ಚು. ಬಂದವರಿಗೆಲ್ಲ ಅದನ್ನು ತೋರಿಸದೆ ಬಿಡುವವರಲ್ಲ. ಅತಿಥಿಗಳಲ್ಲಿ ಟೆಕ್ಸಸ್‌ನ ಒಬ್ಬ ಕೋಟ್ಯಧಿಪತಿ, ಅವನ ಹೆಂಡತಿಯ ವಜ್ರದ ನೆಕ್ಲೇಸು, ಒಬ್ಬ ಬ್ಯಾರನೆಸ್, ಬೇರೆ ದೇಶದಿಂದ ರಹಸ್ಯ ಮಾತುಕತೆಗೆ ಬಂದವರು, ಎಲ್ಲರ ತಲೆ ತಿನ್ನುವ ಒಬ್ಬ ಹುಡುಗ. ಸಾಲದ್ದಕ್ಕೆ ‘ರೇತ್’ ಅನ್ನುವ ಒಡವೆ ಕಳ್ಳ ಬೇರೆ ಓಡಾಡುತ್ತಿದ್ದಾನೆ. ಗುಡುಗು-ಮಳೆಯ ರಾತ್ರಿ ಬಂಗಲೆಯಲ್ಲಿ ಮಲಗಿದವರಿಗಿಂತ ಕತ್ತಲಲ್ಲಿ ತಡಕಾಡುತ್ತಾ ಓಡಾಡುವವರೇ ಜಾಸ್ತಿ. ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದು, ಬಾಗಿಲು ತಪ್ಪಿ ನುಗ್ಗುವುದು ಎಲ್ಲ ನಡೆಯುತ್ತದೆ. ಬೆಳಗಾಗುವಷ್ಟರಲ್ಲಿ ಲೆಕ್ಕಕ್ಕೆ ಜನ ಕಮ್ಮಿ.

ಆ ಒಂದು ರಾತ್ರಿಯನ್ನು ಹಿಡಿದಿಡಲು ನನಗೆ ಚಾರ್ಟ್ ಬೇಕಾಯಿತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ, ಮಧ್ಯರಾತ್ರಿ ಯಾರು ಯಾವ ರೂಮಿಂದ ಎದ್ದರು, ಎಲ್ಲಿಗೆ ಹೋದರು, ಯಾರು ನೋಡಿದರು ಅಂತ ಬರೆದು ಊಟದ ಟೇಬಲ್ ಮೇಲೆ ಇಟ್ಟಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ್ದಾರೆ. ಸಂಜೆ ಅಡುಗೆಮನೆಗೆ ಬಂದು ಮೆಲ್ಲಗೆ ಕೇಳಿದರು. ‘ಏನಮ್ಮಾ ಇದು, ಯಾರ ಮನೆ ವಿಷಯ? ಎದುರು ಮನೆಯವರದಾ?’

ತನಿಖೆಗೆ ಬರುವವನು ಇನ್‌ಸ್ಪೆಕ್ಟರ್ ವಿಲ್ಕಿನ್ಸ್. ಸಪ್ಪೆ ಮುಖ. ದೊಡ್ಡವರ ಮನೆಯ ಇಂಥ ಕೇಸೆಲ್ಲ ತನ್ನ ಕೈಲಿ ಆಗುವುದಲ್ಲ ಅನ್ನುವ ಧಾಟಿ. ಏನು ಕೇಳಿದರೂ, ನನಗೇನೂ ಭರವಸೆ ಇಲ್ಲ ಅನ್ನುವ ರಾಗ. ಮೊದಲ ಓದಿನಲ್ಲಿ ಅವನನ್ನು ನೋಡಿ ನಗುತ್ತೇವೆ. ಎರಡನೇ ಓದಿನಲ್ಲಿ ಅವನನ್ನು ನೋಡಿ ನಗುತ್ತಿದ್ದ ನಮ್ಮನ್ನೇ ನೋಡಿ ನಗು ಬರುತ್ತದೆ. ಆ ಗೊಣಗಾಟದ ಹಿಂದೆ ಅವನು ಒಂದೂ ಬಿಡದೆ ಗಮನಿಸುತ್ತಿದ್ದ. ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ಮೊದಲ ಸಲ ಬರೀ ತಮಾಷೆ ಅಂತ ನಕ್ಕು ದಾಟಿದ ಮಾತುಗಳಲ್ಲೇ ಸುಳಿವು ಕೂತಿರುತ್ತದೆ. ಬ್ರೆಟ್ ಪುಸ್ತಕದಲ್ಲಿ ತಮಾಷೆ ಇರುವುದು ಒಗಟಿನ ಬದಲಿಗೆ. ಇಲ್ಲಿ ತಮಾಷೆಯೇ ಒಗಟಿನ ಮೇಲೆ ಹೊದಿಸಿದ ಬಟ್ಟೆ.

ದೂರು ಇಲ್ಲದಿಲ್ಲ. ಮೊದಲ ಹೆಣ ಬೀಳುವ ತನಕ ತಾಳ್ಮೆ ಬೇಕು, ಅತಿಥಿಗಳ ಪರಿಚಯವೇ ಮುಗಿಯುವುದಿಲ್ಲ. ಕೊನೆಯ ವಿವರಣೆಯೂ ಉದ್ದ. ಒಂದು ಸಲ ನಿಲ್ಲಿಸಿ ಕಾಫಿ ಮಾಡಿಕೊಂಡು ಬಂದೆ, ಬಂದಾಗಲೂ ವಿಲ್ಕಿನ್ಸ್ ವಿವರಿಸುತ್ತಲೇ ಇದ್ದ.

ಇದು ಬಂದದ್ದು 1975ರಲ್ಲಿ. ಕ್ರಿಸ್ಟಿಯ ಕಥೆಗಳ ಪತ್ತೇದಾರ ಪೊಯ್ರೋ ಸತ್ತದ್ದೂ ಅದೇ ವರ್ಷ. ಅವನ ಕೊನೆಯ ಕೇಸಿನ ಕಾದಂಬರಿ ಆಗ ಹೊರಬಂತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವನಿಗೆ ನಿಜವಾದ ಮನುಷ್ಯನ ಹಾಗೆ ಶ್ರದ್ಧಾಂಜಲಿ ಬರೆಯಿತು. ಅಂದರೆ ಆ್ಯಂಡರ್ಸನ್ ಬರೆಯುವ ಹೊತ್ತಿಗೆ ಆ ಬಂಗಲೆ, ಆ ಬಟ್ಲರ್, ಆ ಲೋಕ ಹೆಚ್ಚುಕಮ್ಮಿ ಹೋಗಿ ಆಗಿತ್ತು. ಅದಕ್ಕೇ ಅವರ ಅಣಕದಲ್ಲಿ ಸಿಟ್ಟಿಲ್ಲ. ಅಜ್ಜನ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತ ಮೊಮ್ಮಗನ ತಮಾಷೆ ಅದು.

ಮೂರನೆಯದು ಹಾಗಲ್ಲ. ಲಿಯೊ ಬ್ರೂಸ್ ಬರೆದ ‘ಕೇಸ್ ಫಾರ್ ತ್ರೀ ಡಿಟೆಕ್ಟಿವ್ಸ್’ ಬಂದದ್ದು 1936ರಲ್ಲಿ. ಅಣಕಕ್ಕೆ ಸಿಕ್ಕವರು ಆಗ ಇನ್ನೂ ಮಾರ್ಕೆಟ್ಟಿನಲ್ಲಿದ್ದ ಹೀರೋಗಳು. ಡಾಕ್ಟರ್ ಥರ್ಸ್ಟನ್ ಮನೆಯಲ್ಲಿ ವಾರದ ಕೊನೆಯ ಕೂಟ. ಅವನ ಹೆಂಡತಿ ಒಳಗಿಂದ ಚಿಲಕ ಹಾಕಿದ ರೂಮಿನಲ್ಲಿ ಕೊಲೆಯಾಗಿದ್ದಾಳೆ. ಬೆಳಗಾದರೆ ಮೂರು ಜನ ಪತ್ತೇದಾರರು ಹಾಜರ್. ಲಾರ್ಡ್ ಸೈಮನ್ ಪ್ಲಿಮ್ಸಾಲ್, ಮೊಸ್ಯೂ ಆಮೆರ್ ಪಿಕೋನ್, ಮೊನ್ಸಿನ್ಯೋರ್ ಸ್ಮಿತ್. ಡರೋತಿ ಸೇಯರ್ಸ್ ಅವರ ಲಾರ್ಡ್ ಪೀಟರ್ ವಿಮ್ಸಿ, ಕ್ರಿಸ್ಟಿಯ ಪೊಯ್ರೋ, ಚೆಸ್ಟರ್‌ಟನ್ ಅವರ ಫಾದರ್ ಬ್ರೌನ್ ಹೆಸರು ಬದಲಿಸಿಕೊಂಡು ಬಂದಿದ್ದಾರೆ, ಅಷ್ಟೇ. ಚೆಸ್ಟರ್‌ಟನ್ ತೀರಿಕೊಂಡದ್ದೂ 1936ರಲ್ಲೇ.

ಇದು ಅಪ್ಪಟ ಮಿಮಿಕ್ರಿ. ಮಿಮಿಕ್ರಿಯಲ್ಲಿ ಒಂದು ತೊಂದರೆ ಇದೆ. ರಾಜ್‌ಕುಮಾರ್ ದನಿ ಕೇಳದವರಿಗೆ ರಾಜ್‌ಕುಮಾರ್ ಮಿಮಿಕ್ರಿ ತೋರಿಸಿದರೆ ಏನು ಪ್ರಯೋಜನ? ನಾನು ಮೊದಲ ಸಲ ಓದುವಾಗ ವಿಮ್ಸಿ ಕಥೆ ಒಂದನ್ನೂ ಓದಿರಲಿಲ್ಲ. ಲಾರ್ಡ್ ಸೈಮನ್ ಬಂದಾಗೆಲ್ಲ ಇವನ್ಯಾಕೆ ಹೀಗೆ ಆಡ್ತಾನೆ ಅಂತ ತಲೆ ಕೆರೆದುಕೊಂಡೆ. ಮಧ್ಯದ ಎರಡು ತಿಂಗಳಲ್ಲಿ ಒಂದು ವಿಮ್ಸಿ ಕಾದಂಬರಿ, ಒಂದಷ್ಟು ಫಾದರ್ ಬ್ರೌನ್ ಕಥೆ ಓದಿದೆ. ಎರಡನೇ ಸಲ ಅದೇ ಪುಟಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎರಡನೇ ಓದಿನಲ್ಲಿ ನಗು ಹೆಚ್ಚಾದ ಪುಸ್ತಕ ಇದೊಂದೇ.

ಈ ಮೂವರ ನಡುವೆ ಊರಿನ ಪೊಲೀಸ್ ಸಾರ್ಜೆಂಟ್ ಒಬ್ಬ. ಹೆಸರೇ ಬೀಫ್. ಕೆಂಪು ಮುಖ, ಬಿಯರ್ ಕುಡಿಯುತ್ತಾನೆ, ಡಾರ್ಟ್ಸ್ ಆಡುತ್ತಾನೆ, ಮಾತು ಹಳ್ಳಿ ಮಾತು. ಕೊಲೆ ಮಾಡಿದ್ದು ಯಾರು ಅಂತ ನನಗೆ ಗೊತ್ತು ಅಂತ ಮೊದಲೇ ಹೇಳುತ್ತಾನೆ. ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ಮೂವರು ಬುದ್ಧಿವಂತರು ಮೂರು ಅದ್ಭುತ ವಿವರಣೆ ಕೊಡುತ್ತಾರೆ. ಒಂದಕ್ಕಿಂತ ಒಂದು ಚೆಂದ, ಮೂರೂ ತಪ್ಪು. ಬೀಫ್ ಹೇಳಿದ್ದೇ ಸರಿ. (ಇದು ಗುಟ್ಟು ಬಿಟ್ಟುಕೊಟ್ಟಂತಲ್ಲ. ಪುಸ್ತಕದ ಹಿಂಬದಿಯಲ್ಲೇ ಇದರ ವಾಸನೆ ಹೊಡೆಯುತ್ತದೆ.)

ಎರಡನೇ ಓದಿನಲ್ಲಿ ನಾನು ಬೀಫ್‌ನನ್ನು ಮಾತ್ರ ಹಿಂಬಾಲಿಸಿದೆ. ಅವನು ಬಾಯಿ ತೆರೆದಾಗಲೆಲ್ಲ ಯಾರು ಅಡ್ಡ ಬರುತ್ತಾರೆ ಅಂತ ನೋಡುತ್ತಾ ಹೋದೆ. ಕಥೆ ಹೇಳುವ ಟೌನ್‌ಸೆಂಡ್ ಕೂಡ ಅವನನ್ನು ಕೀಳಾಗಿಯೇ ನೋಡುತ್ತಾನೆ. ಅವನ ಕಣ್ಣಲ್ಲೇ ಕಥೆ ನೋಡುವ ನಾವೂ ಹಾಗೇ ನೋಡಿರುತ್ತೇವೆ. ಬೀಫ್ ಏನನ್ನೂ ಮುಚ್ಚಿಡಲಿಲ್ಲ. ಅವನ ಇಂಗ್ಲಿಷ್ ಸರಿ ಇರಲಿಲ್ಲ, ಅಷ್ಟೇ. ಬ್ಯಾಂಕಿನ ಕೌಂಟರಿನಲ್ಲೋ ಆಸ್ಪತ್ರೆಯ ರಿಸೆಪ್ಷನ್ನಿನಲ್ಲೋ ಊರ ಕಡೆಯ ದೊಡ್ಡಪ್ಪನನ್ನು ಮುಂದೆ ಬಿಟ್ಟು ನಿಂತವರಿಗೆ ಈ ತಮಾಷೆ ಬೇಗ ಅರ್ಥವಾಗುತ್ತದೆ. ನಗು ಬರುತ್ತದೆ, ಸ್ವಲ್ಪ ಚುಚ್ಚುತ್ತದೆ ಕೂಡ.

ಕೊನೆಯದು ಹೊಸದು. ಆಸ್ಟ್ರೇಲಿಯಾದ ಬೆಂಜಮಿನ್ ಸ್ಟೀವನ್ಸನ್ ಬರೆದ ‘ಎವ್ರಿವನ್ ಇನ್ ಮೈ ಫ್ಯಾಮಿಲಿ ಹ್ಯಾಸ್ ಕಿಲ್ಡ್ ಸಮ್‌ಒನ್’, 2022ರದು. ಬಂಗಲೆ ಹೋಗಿ ಹಿಮದ ರೆಸಾರ್ಟ್ ಬಂದಿದೆ. ಆಸ್ಟ್ರೇಲಿಯಾದಲ್ಲಿ ಹಿಮ ಬೀಳುತ್ತೆ ಅನ್ನುವುದೇ ನನಗೆ ಸುದ್ದಿ. ಕುಟುಂಬದವರೆಲ್ಲ ಅಲ್ಲಿ ಸೇರುತ್ತಾರೆ, ಜೈಲಿನಿಂದ ಬರುವ ಅಣ್ಣನನ್ನು ಎದುರುಗೊಳ್ಳಲು. ಕಥೆ ಹೇಳುವ ಅರ್ನೆಸ್ಟ್ ಕನಿಂಗ್‌ಹ್ಯಾಮ್ ಪತ್ತೇದಾರಿ ಕಾದಂಬರಿ ಬರೆಯುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳನ್ನು ಬರೆಯುವವನು. ನಾಕ್ಸ್ ನಿಯಮಗಳನ್ನು ಮೊದಲಲ್ಲೇ ಅಚ್ಚು ಹಾಕಿ, ನಾನು ಸುಳ್ಳು ಹೇಳುವುದಿಲ್ಲ ಅನ್ನುತ್ತಾನೆ. ಸಾವುಗಳು ಯಾವ ಯಾವ ಪುಟದಲ್ಲಿ ಇವೆ ಅಂತಲೂ ಮೊದಲೇ ಹೇಳಿಬಿಡುತ್ತಾನೆ!

ಮೊದಲ ಓದಿಗೆ ನಾಲ್ಕರಲ್ಲಿ ಇದೇ ಫಸ್ಟ್. ಇಂಗ್ಲಿಷ್ ಸುಲಭ. ಹಳೇದೇನೂ ಓದಿರಬೇಕಾಗಿಲ್ಲ, ಅವನೇ ಎಲ್ಲ ವಿವರಿಸುತ್ತಾನೆ. ಬ್ರೂಸ್‌ಗೆ ಹೋಲಿಸಿದರೆ ಅದು ದೊಡ್ಡ ಅನುಕೂಲ. ಬೀಫ್ ಮಾತಿನಲ್ಲಿ ನುಂಗಿದ ಅಕ್ಷರಗಳನ್ನು ಜೋಡಿಸಿ ಓದುವುದು ಸುಲಭದ ಕೆಲಸವಲ್ಲ. ಎರಡನೇ ಓದಿನಲ್ಲಿ ನಾನು ಸ್ಟೀವನ್ಸನ್ ಪುಸ್ತಕವನ್ನು ಲೆಕ್ಕ ಪರಿಶೋಧಕರ ಹಾಗೆ ಓದಿದೆ. ಇವನು ಎಲ್ಲಾದರೂ ಸುಳ್ಳು ಹೇಳಿದ್ದಾನಾ? ನನಗೆ ಒಂದೂ ಸಿಗಲಿಲ್ಲ. ಮೆಚ್ಚಬೇಕು. ಆದರೆ ಮೆಚ್ಚಿದ್ದು ಜಾಸ್ತಿ, ನಕ್ಕಿದ್ದು ಕಡಿಮೆ. ಮಾತುಮಾತಿಗೂ ನಿಂತು ‘ನೋಡಿ, ನಾನು ಈಗ ಹೀಗೆ ಮಾಡುತ್ತಿದ್ದೇನೆ’ ಅನ್ನುವ ಅಭ್ಯಾಸ ಎರಡನೇ ಸಲ ಕಿರಿಕಿರಿ. ಹರಿಕಥೆ ದಾಸರು ಕಥೆಗಿಂತ ಉಪಕಥೆಯನ್ನೇ ಜಾಸ್ತಿ ಹೇಳಿದ ಹಾಗೆ.

ಹಾಗಾದರೆ ಯಾವುದು ಕೊಳ್ಳಬೇಕು? ಈ ಜಾತಿಯ ಪುಸ್ತಕ ಮೊದಲ ಸಲ ಮುಟ್ಟುವವರು ಸ್ಟೀವನ್ಸನ್‌ನಿಂದ ಶುರು ಮಾಡಿ. ಕ್ರಿಸ್ಟಿಯನ್ನು ನಾಲ್ಕೈದಾದರೂ ಓದಿದ್ದರೆ ಸೀದಾ ಆ್ಯಂಡರ್ಸನ್. ಅದೇ ಬಂಗಲೆಗೆ ಅವರು ಇನ್ನೂ ಎರಡು ಸಲ ಕರೆದುಕೊಂಡು ಹೋಗುತ್ತಾರೆ, 1981ರಲ್ಲಿ ಮತ್ತು 2003ರಲ್ಲಿ. ಬ್ರೆಟ್ ಪ್ರಯಾಣಕ್ಕೆ, ಅದೂ ಯಾರಾದರೂ ಎರವಲು ಕೊಟ್ಟರೆ. ನನ್ನ ಕಪಾಟಿನಲ್ಲಿ ಖಾಯಂ ಜಾಗ ಸಿಕ್ಕಿದ್ದು ಆ್ಯಂಡರ್ಸನ್, ಬ್ರೂಸ್ ಇಬ್ಬರಿಗೆ. ಇಬ್ಬರಲ್ಲಿ ಒಬ್ಬರು ಅಂದರೆ ಬ್ರೂಸ್.

ಆ ಬ್ರೂಸ್ ಪ್ರತಿಯ ವಿಷಯ ಹೇಳಲೇಬೇಕು. ಅವೆನ್ಯೂ ರಸ್ತೆಯಲ್ಲಿ ಸಿಕ್ಕ ಹಳೇ ಪುಸ್ತಕ. ಮೊದಲ ಓದಿನಲ್ಲಿ ಕಾಲು ಭಾಗ ಮುಗಿದಿತ್ತು. ಒಂದು ಪಾತ್ರದ ಹೆಸರಿನ ಪಕ್ಕ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ ಕನ್ನಡದಲ್ಲೇ ಬರೆದಿದ್ದರು, ‘ಇವನೇ!’ ಅಂತ. ಕೆಳಗೆ ಎರಡು ಗೆರೆ ಬೇರೆ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಮಜವೆಲ್ಲ ಹೋಯಿತು ಅಂತ ಬೈದುಕೊಳ್ಳುತ್ತಲೇ ಓದಿದೆ. ಮೂವರು ಪತ್ತೇದಾರರಲ್ಲಿ ಒಬ್ಬರು ಅವನತ್ತಲೇ ಬೆರಳು ತೋರಿಸಿದಾಗ, ನೋಡು, ಇದನ್ನೇ ಹೇಳಿಬಿಟ್ಟಿದ್ದು ಅಂದುಕೊಂಡೆ. ಕೊನೆಗೆ ಬೀಫ್ ಬಾಯಿ ತೆರೆದ. ಅವನಲ್ಲ! ಪೆನ್ಸಿಲ್ ಹಿಡಿದವರು ಓದುತ್ತಾ ಓದುತ್ತಾ ಊಹಿಸಿ ಬರೆದಿದ್ದರು. ಆಮೇಲಿನ ಪುಟಗಳಲ್ಲಿ ಪೆನ್ಸಿಲಿನ ಒಂದು ಗೆರೆಯೂ ಇಲ್ಲ.

ಮೊನ್ನೆ ಭಾವ ಆ ಪುಸ್ತಕ ಕೇಳಿದರು. ಕೊಡುವ ಮೊದಲು ‘ಇವನೇ!’ ಅಳಿಸೋಣ ಅಂತ ರಬ್ಬರ್ ತೆಗೆದುಕೊಂಡು ಕೂತೆ. ಮನಸ್ಸಾಗಲಿಲ್ಲ. ಹತ್ತು ಪುಟ ಮುಂದೆ ಹೋಗಿ ಇನ್ನೊಂದು ಹೆಸರಿನ ಪಕ್ಕ ನಾನೂ ಪೆನ್ಸಿಲಿನಲ್ಲಿ ಬರೆದೆ. ‘ಅವನಲ್ಲ, ಇವಳು.’ ಅದೂ ತಪ್ಪೇ.